ಘಟ್ಟದ ನೆತ್ತಿಯ ರಾಜಧಾನಿ

ಮಾಸ್ತಿಕಟ್ಟೆ ಎಂದರೆ ಹೊರಗಿನವರಿಗೆ ವಾರಾಹಿ ಯೋಜನೆ, ಮಾಣಿ ಅಣೆಕಟ್ಟು, ಕೆಪಿಸಿ ಕಾಲೊನಿ ಇಷ್ಟೇ. ಸ್ಮರಣ ಸಂಚಿಕೆಗಳಲ್ಲೂ ನಮ್ಮ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಇಲ್ಲಿಂದ ಬಸ್ಸು ಹತ್ತಿದರೆ ಸಿಗುವ ‘ನಗರ’ ಎಂಬ ಊರು ಒಂದು ಕಾಲಕ್ಕೆ ಬಿದನೂರು. ಮಲೆನಾಡು, ಕರಾವಳಿ ಎರಡನ್ನೂ ಆಳಿದ ಕೆಳದಿ ಸಂಸ್ಥಾನದ ಕೊನೆಯ ರಾಜಧಾನಿ.

1499ರ ಸುಮಾರಿಗೆ ಕೆಳದಿಯಲ್ಲಿ ತಲೆಯೆತ್ತಿದ ಅರಸೊತ್ತಿಗೆ ಮುಂದೆ ಇಕ್ಕೇರಿಗೆ ಬಂತು. ಇಕ್ಕೇರಿ ಬಯಲಿಗೆ ತೆರೆದುಕೊಂಡ ಊರು. ಬಿಜಾಪುರದ ರಣದುಲ್ಲಾ ಖಾನನ ದಂಡು ಅದನ್ನು ಹೊಕ್ಕ ಮೇಲೆ, 1639ರ ಹೊತ್ತಿಗೆ, ವೀರಭದ್ರನಾಯಕ ಗದ್ದುಗೆಯನ್ನು ಬಿದನೂರಿಗೆ ಒಯ್ದ. ಸುತ್ತ ಗುಡ್ಡ, ದಟ್ಟ ಕಾಡು, ವರ್ಷದ ಅರ್ಧ ಜಡಿಮಳೆ. ಹೊರಗಿನ ಸೈನ್ಯಕ್ಕೆ ಇದಕ್ಕಿಂತ ಕೆಟ್ಟ ಜಾಗ ಬೇಕೆ? ಆದರೆ ನನ್ನ ಮಟ್ಟಿಗೆ ಬಿದನೂರನ್ನು ಬೆಳೆಸಿದ್ದು ಕಾಡಲ್ಲ, ಹೊಸಂಗಡಿಗೆ ಇಳಿಯುವ ಘಟ್ಟದ ದಾರಿ. ಮೆಣಸು ಅದರಲ್ಲಿ ಇಳಿದು ಬಸರೂರು, ಕುಂದಾಪುರದ ಬಂದರು ಸೇರುತ್ತಿತ್ತು, ಹಣ ಮೇಲೇರುತ್ತಿತ್ತು.

1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕನ ಹೆಸರು ಇವತ್ತಿಗೂ ನಿಂತಿರುವುದು ಕೋಟೆಗಿಂತ ಹೆಚ್ಚಾಗಿ ಅವನ ‘ಶಿಸ್ತಿ’ನಿಂದ. ಊರೂರಿನಲ್ಲಿ ಮಾದರಿ ಜಮೀನು ಆರಿಸಿ, ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಫಸಲಿನ ಸರಾಸರಿ ನೋಡಿ, ಮಣ್ಣಿನ ತರಕ್ಕೆ ತಕ್ಕಂತೆ ಕಂದಾಯ ಗೊತ್ತುಮಾಡಿಸಿದನಂತೆ. ಒಂದು ವರ್ಷದ ಬೆಳೆ ನೋಡಿ ತೆರಿಗೆ ಹೇರುವುದು ಯಾವ ಅರಸನಿಗೂ ಗೊತ್ತು. ಹನ್ನೆರಡು ಮಳೆಗಾಲ ಕಾಯುವುದಕ್ಕೆ ಬೇರೆಯೇ ಎದೆಗಾರಿಕೆ ಬೇಕು. ಮುಂದೆ ರಾಣಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ್ದು ಇದೇ ಗದ್ದುಗೆಯಲ್ಲಿ ಕುಳಿತು. ಅವಳ ದತ್ತುಮಗನಾದ ಬಸವಪ್ಪನಾಯಕ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶ ಬರೆದ.

1763ರಲ್ಲಿ ಹೈದರಾಲಿ ಬಂದ. ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿ ಸೇರಿದಳು. ಇಲ್ಲಿ ಕೈಸೇರಿದ ಸಂಪತ್ತೇ ತನ್ನ ಏಳಿಗೆಯ ಬುನಾದಿ ಎಂದು ಹೈದರ್ ನಂಬಿದ್ದನಂತೆ. ಊರಿಗೆ ಹೈದರನಗರ ಎಂದು ಹೆಸರಿಟ್ಟು ಟಂಕಸಾಲೆ ತೆರೆದ. ಇಪ್ಪತ್ತು ವರ್ಷದ ಮೇಲೆ, 1783ರ ಜನವರಿಯಲ್ಲಿ, ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಟ್ಟ ಹತ್ತಿದ. ದಾರಿಯುದ್ದಕ್ಕೂ ತೋಪುಗಳ ಕಾವಲು, ನೆತ್ತಿಯಲ್ಲಿ ಹೈದರಗಢ. ಅಷ್ಟೆಲ್ಲ ದಾಟಿ ಬಂದವನಿಗೆ ಬಿದನೂರನ್ನು ಅಧಿಕಾರಿ ಅಯಾಜ್ ಖಾನ್ ತಾನಾಗಿಯೇ ಒಪ್ಪಿಸಿದ! ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದ. ಈ ಪೆಟ್ಟುಗಳಿಂದ ಪೇಟೆ ಚೇತರಿಸಿಕೊಳ್ಳಲೇ ಇಲ್ಲ.

ಹೆಸರು ಮಾತ್ರ ಬಹಳ ಕಾಲ ಬಾಳಿತು. 1830ರ ರೈತ ಬಂಡಾಯ ‘ನಗರದ ದಂಗೆ’ ಎಂದೇ ದಾಖಲಾಯಿತು. ಮರುವರ್ಷ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಗಲು ಅದೇ ನೆಪ. 1893ರಲ್ಲಿ ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋಗಿ ಅದು ಹೊಸನಗರವಾಯಿತು. ಹಳೆಯದು ಹೋಬಳಿಯಾಗಿ ಉಳಿಯಿತು.

ಲಕ್ಷ ಮನೆಗಳ ಊರಾಗಿತ್ತು ಎಂಬ ಮಾತನ್ನು ನಾನಂತೂ ನಂಬುವುದಿಲ್ಲ. ಕಣ್ಣಿಗೆ ಕಾಣುವುದೇ ಸಾಕಷ್ಟಿದೆ. ರಸ್ತೆ ಪಕ್ಕದ ಕೆರೆ, ಅದಕ್ಕೆ ತಾಗಿದ ಕೋಟೆ, ಹೆಬ್ಬಾಗಿಲ ಎರಡು ಮಗ್ಗುಲಿಗೂ ದುಂಡನೆಯ ಬುರುಜು, ಒಳಗೆ ದರ್ಬಾರಿನ ಜಗಲಿ, ಅಕ್ಕತಂಗಿಯರ ಕೊಳ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಹುಷಾರು. ಹೆಚ್ಚಿನವರು ಬಾಗಿಲಲ್ಲಿ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ, ದೇವಗಂಗೆಗೆ ಹೋಗುವುದೇ ಇಲ್ಲ. ಅಲ್ಲಿ ಅರಸು ಮನೆತನಕ್ಕೆಂದು ಕಟ್ಟಿದ ಏಳು ಕೊಳಗಳಿವೆ. ಒಂದು ದೊಡ್ಡದು, ಉಳಿದವು ಬಗೆಬಗೆಯ ಆಕಾರದವು. ಗುಡ್ಡದ ಒರತೆ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ಕೋಟೆ ಸುತ್ತಲು ಒಂದು ಗಂಟೆ ಸಾಕು. ದೇವಗಂಗೆಗೆ ಅರ್ಧ ದಿನ ಇಟ್ಟುಕೊಂಡು, ಬೇಸಿಗೆಯಲ್ಲಿ ಹೋಗಿ.