ಸುಗಮ್ಯತೆ

‘ಹೋಗು’ ಎಂಬರ್ಥದ ‘ಗಮ್’ ಧಾತುವಿನಿಂದ ಬಂದ ‘ಗಮ್ಯ’ಕ್ಕೆ ‘ಸು’ ಸೇರಿ ‘ಸುಗಮ್ಯ’ ಆಗಿದೆ: ಸುಲಭವಾಗಿ ತಲುಪಬಹುದಾದದ್ದು. ‘ಸುಗಮ’ ಕನ್ನಡಕ್ಕೆ ಹಳೆಯ ಪರಿಚಯ. ಎದುರುಪದ ‘ದುರ್ಗಮ’ವೂ ಚಿತ್ರದುರ್ಗದ ‘ದುರ್ಗ’ವೂ ಅದೇ ಧಾತುವಿನದು. ಅಂಗವಿಕಲರ ಸಂದರ್ಭದಲ್ಲಿ ‘ಸುಗಮ್ಯ’ ಹೆಚ್ಚು ಕೇಳಿಬಂದದ್ದು ಕೇಂದ್ರ ಸರ್ಕಾರ 2015ರ ಡಿಸೆಂಬರ್ 3ರಂದು ‘ಸುಗಮ್ಯ ಭಾರತ’ ಅಭಿಯಾನ ಆರಂಭಿಸಿದ ಮೇಲೆ.

ಬೆಂಗಳೂರಿನ ಜಯನಗರ, ಬನಶಂಕರಿ ಮೆಟ್ರೊ ನಿಲ್ದಾಣಗಳಲ್ಲಿ ಕಾಲಿಗೂ ಬಿಳಿಕೋಲಿಗೂ ತಾಗುವ ಉಬ್ಬುಗೆರೆಯ ಹಳದಿ ಹಾಸು ಸುಗಮ್ಯತೆಯ ಕಣ್ಣಿಗೆ ಕಾಣುವ ರೂಪ. ಪರದೆಯ ಮೇಲಿನ ಸುಗಮ್ಯತೆ ಹೀಗೆ ಕಾಣದು. ಯೂನಿಕೋಡ್‌ಗೆ ಮುಂಚಿನ ‘ನುಡಿ’ ಫಾಂಟಿನಲ್ಲಿ ಟೈಪಿಸಿದ ‘ಜಯನಗರ’ ನೋಡುವವರಿಗೆ ಶುದ್ಧ ಕನ್ನಡ. ಪರದೆ ಓದುವ ತಂತ್ರಾಂಶಕ್ಕೆ ಮಾತ್ರ ರೋಮನ್ ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿದ್ದರೆ ‘ಎನ್‌ವಿಡಿಎ’ಯಂಥ ಉಚಿತ ತಂತ್ರಾಂಶ ಅದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯಂತೂ ಅದರ ಪಾಲಿಗೆ ಬರೀ ಚಿತ್ರ.

ಇಂಗ್ಲಿಷಿನ ‘ಆಕ್ಸೆಸಿಬಿಲಿಟಿ’ಗೆ ‘ಪ್ರವೇಶಸಾಧ್ಯತೆ’ ಎಂಬ ಅನುವಾದವೂ ಇದೆ, ಆದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ. ಒಳಗೆ ಹೋದವರು ಓದಬೇಕು, ಅರ್ಜಿ ತುಂಬಬೇಕು. ‘ಸುಗಮ್ಯತೆ’ಯೇ ವಾಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಸುಗಮ್ಯತೆಯನ್ನು ಮಾಹಿತಿ ತಂತ್ರಜ್ಞಾನಕ್ಕೂ ಅನ್ವಯಿಸಿದೆ.