ಕತ್ತಲೆಯಲ್ಲಿ ನೆಲ ಎಷ್ಟು ದೂರ?

1915ರ ಅಕ್ಟೋಬರ್ 13ರ ರಾತ್ರಿ. ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಗಳು ಲಂಡನ್ನಿನ ಮೇಲೆ ಬಾಂಬು ಹಾಕಲು ಬಂದಿದ್ದವು. ನಗರದ ಪೂರ್ವಕ್ಕಿದ್ದ ಸಟನ್ಸ್ ಫಾರ್ಮ್ ಎಂಬ ಬಯಲಿನಿಂದ ಜಾನ್ ಸ್ಲೆಸರ್ ಎಂಬ 18 ವರ್ಷದ ಚಾಲಕ ಬಿಇ2ಸಿ ಎಂಬ ಹಗುರ ವಿಮಾನದಲ್ಲಿ ಮೇಲೇರಿದ. ಎಲ್15 ನೌಕೆ ಅವನ ಕಣ್ಣಿಗೆ ಬಿತ್ತಾದರೂ ಕೈಗೆ ಸಿಗದೆ ಮರೆಯಾಯಿತು. ನಿಜವಾದ ಅಪಾಯ ಕಾದಿದ್ದುದು ಹಿಂದಿರುಗಿದಾಗ. ನೆಲದ ಮೇಲೆ ಮಂಜು ಹಬ್ಬಿತ್ತು. ಸರ್ಚ್‌ಲೈಟಿನ ಬೆಳಕು ಆ ಮಂಜಿನಲ್ಲಿ ಹರಡಿ ಅವನ ಕಣ್ಣು ಕೋರೈಸಿತು. ನೆಲ ಕಾಣದೆ ಇಳಿದ ವಿಮಾನ ಜಖಂಗೊಂಡಿತು. ಸ್ಲೆಸರ್ ಬದುಕಿ ಉಳಿದ. 1950ರಲ್ಲಿ ಬ್ರಿಟಿಷ್ ವಾಯುಪಡೆಯ ಮುಖ್ಯಸ್ಥನೂ ಆದ.

ಬೆಳಕು ಇದ್ದುದರಿಂದಲೇ ಅವನಿಗೆ ನೆಲ ಕಾಣದಾಯಿತು, ಗಮನಿಸಿ. ಮಂಜಿನ ಹನಿಗಳು ಬೆಳಕನ್ನು ಚದರಿಸಿ ಕಣ್ಣಿನ ಮುಂದೆ ಬಿಳಿ ಪರದೆ ಕಟ್ಟುತ್ತವೆ. ಮಡಿಕೇರಿಯ ದಾರಿಯಲ್ಲೋ ಆಗುಂಬೆ ಘಾಟಿಯಲ್ಲೋ ಮಂಜಿನಲ್ಲಿ ಹೆಡ್‌ಲೈಟ್ ಎತ್ತರಿಸಿ ಕಂಗಾಲಾದವರಿಗೆ ಇದನ್ನು ವಿವರಿಸಬೇಕಿಲ್ಲ. ಜೊತೆಗೆ ಇನ್ನೊಂದು ತೊಂದರೆ. ಕತ್ತಲೆಗೆ ನಮ್ಮ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಪ್ರಖರ ಬೆಳಕು ಅದನ್ನು ಕ್ಷಣಾರ್ಧದಲ್ಲಿ ಕೆಡಿಸುತ್ತದೆ.

ಇಳಿಯುವಾಗ ಚಾಲಕ ನೆಲಕ್ಕೆ ತೀರಾ ಸಮೀಪ ಬಂದು ಮೂತಿಯನ್ನು ತುಸು ಎತ್ತಿ, ವೇಗ ಕಳೆದು, ಚಕ್ರಗಳನ್ನು ನೆಲಕ್ಕೆ ತಾಗಿಸಬೇಕು. ಅಂದಾಜು ಎರಡು ಮೀಟರ್ ತಪ್ಪಿತೆನ್ನಿ. ಆ ಎತ್ತರದಲ್ಲೇ ರೆಕ್ಕೆಯ ಎತ್ತುಬಲ ಪೂರ್ತಿ ಹೋಯಿತೆಂದು ಭಾವಿಸಿದರೆ, ವಿಮಾನ ಸೆಕೆಂಡಿಗೆ ಸುಮಾರು 6.3 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮರ ಮತ್ತು ಬಟ್ಟೆಯ ವಿಮಾನಕ್ಕೆ ಅಷ್ಟು ಸಾಕು. ಹಗಲಿನಲ್ಲಿ ಹುಲ್ಲು, ಬೇಲಿ, ಮರಗಳ ಗಾತ್ರ ಎತ್ತರದ ಸುಳಿವು ಕೊಡುತ್ತವೆ. ರಾತ್ರಿ ಅವೆಲ್ಲ ಮಾಯ. ಹೀಗಾಗಿ ರಾತ್ರಿ ಹಾರಾಟದ ಅಭ್ಯಾಸದಲ್ಲಿ ಏರುವುದಕ್ಕಿಂತ ಇಳಿಯುವುದೇ ಕಠಿಣ ಪಾಠ.

ಆಗಿನ ಪರಿಹಾರ ಸರಳವಾಗಿತ್ತು: ಸೀಮೆಎಣ್ಣೆ ಪಂಜುಗಳ ಸಾಲು. ಮೇಲಿನಿಂದ ಉದ್ದವಾಗಿ ಕಾಣುವ ಸಾಲು, ಕೆಳಗಿಳಿದಂತೆ ಕುಗ್ಗಿದಂತೆ ತೋರುತ್ತದೆ. ಅಂದರೆ ದೀಪಗಳ ಕೆಲಸ ನೆಲವನ್ನು ಬೆಳಗುವುದಲ್ಲ. ಚಾಲಕನಿಗೆ ಒಂದು ರೇಖಾಗಣಿತದ ಚಿತ್ರ ಒದಗಿಸುವುದು.

ಆದರೆ ಚಿತ್ರವೂ ಮೋಸ ಮಾಡಬಲ್ಲದು. 1960ರ ದಶಕದಲ್ಲಿ ಬೋಯಿಂಗ್ ಸಂಸ್ಥೆಯ ಕಾನ್ರಾಡ್ ಕ್ರಾಫ್ಟ್ ಮತ್ತು ಚಾರ್ಲ್ಸ್ ಎಲ್‌ವರ್ತ್ ರಾತ್ರಿಯ ನಗರದ ದೀಪಗಳ ಮಾದರಿಯೊಂದನ್ನು ಬಳಸಿ, ಕೃತಕ ಹಾರಾಟದಲ್ಲಿ ಅನುಭವಿ ಚಾಲಕರನ್ನು ಪರೀಕ್ಷಿಸಿದರು. ನುರಿತವರೂ ತಾವು ತಿಳಿದುದಕ್ಕಿಂತ ತುಂಬಾ ಕೆಳಗೆ ಹಾರಿದರು! ಕಾರಣ ನಿಮ್ಮ ಶಾಲೆಯ ರೇಖಾಗಣಿತದ ಪ್ರಮೇಯದಲ್ಲೇ ಇದೆ. ಒಂದೇ ವೃತ್ತಖಂಡದಲ್ಲಿನ ಕೋನಗಳು ಪರಸ್ಪರ ಸಮ. ಸಮೀಪದ ಮತ್ತು ದೂರದ ದೀಪಗಳ ನಡುವಿನ ಕೋನ ಬದಲಾಗದಂತೆ ನೋಡಿಕೊಳ್ಳುವ ಚಾಲಕ, ತನಗರಿವಿಲ್ಲದೆ ಆ ಎರಡು ದೀಪಗಳ ಮೂಲಕ ಹಾಯುವ ವೃತ್ತದ ಕಂಸದ ಮೇಲೆ ಚಲಿಸುತ್ತಾನೆ. ಈ ಕಂಸ ನೇರ ಇಳಿದಾರಿಗಿಂತ ಕೆಳಗೆ ಬಾಗಿರುತ್ತದೆ. ಹಾಳೆಯ ಮೇಲೆ ಬರೆದು ನೋಡಿ. ನಡುವೆ ಕೆರೆಯೋ ಕಾಡೋ ಇದ್ದು ದೀಪವೇ ಇಲ್ಲದಿದ್ದರೆ, ಎಚ್ಚರಿಸುವವರು ಯಾರು? ವಿಮಾನಚಾಲಕರು ಇದನ್ನು 'ಕಪ್ಪುಕುಳಿ ಭ್ರಮೆ' ಎನ್ನುತ್ತಾರೆ. (ನಾವು ಭೌತವಿಜ್ಞಾನಿಗಳು ಬಲ್ಲ ಕಪ್ಪುಕುಳಿಗೂ ಇದಕ್ಕೂ ಸಂಬಂಧವಿಲ್ಲ.)

ಅಂದಾಜನ್ನೇ ನಂಬದೆ ಬೆಳಕಿನಿಂದಲೇ ಕೋನ ಅಳೆಯುವ ಉಪಾಯ 1970ರ ದಶಕದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ ಸಿದ್ಧವಾಯಿತು. ಅದರ ಹೆಸರು 'ಪಾಪಿ'. ಹೆಸರಿಗೆ ನಗಬೇಡಿ, ಅದು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಜೋಡಣೆ. ರನ್‌ವೇ ಬದಿಯಲ್ಲಿ ನಾಲ್ಕು ದೀಪಪೆಟ್ಟಿಗೆಗಳು. ಪ್ರತಿಯೊಂದರ ಕಿರಣದ ಮೇಲರ್ಧ ಬಿಳಿ, ಕೆಳಗಿನರ್ಧ ಕೆಂಪು. ನಾಲ್ಕನ್ನೂ ತುಸು ಬೇರೆ ಬೇರೆ ಕೋನದಲ್ಲಿ ಓರೆಯಾಗಿಸಿರುತ್ತಾರೆ. ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ಸಾಮಾನ್ಯವಾಗಿ ಅದು 3 ಡಿಗ್ರಿ ಇಳಿಜಾರು. ನಾಲ್ಕೂ ಬಿಳಿಯಾದರೆ ವಿಮಾನ ತೀರಾ ಮೇಲಿದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದೆ. ಮುಸ್ಸಂಜೆಯಲ್ಲಿ ವಿಮಾನ ನಿಲ್ದಾಣದ ಬೇಲಿಯಾಚೆಯಿಂದ, ವಿಮಾನಗಳು ಇಳಿದು ಬರುವ ದಿಕ್ಕಿನಲ್ಲಿ ನಿಂತು ನೋಡಿದರೆ ನಿಮಗೂ ಅವು ಕಂಡಾವು. ನೆಲದ ಮೇಲಿರುವ ನಿಮಗೆ ಕಾಣುವುದು ಮಾತ್ರ ನಾಲ್ಕೂ ಕೆಂಪು.