ಹಾಲ್ ಆಫ್ ಫೇಮ್‌ನಲ್ಲಿ ಚಂದ್ರ ಯಾಕಿಲ್ಲ? 242 ವಿಕೆಟ್‌ಗಳ ಲೆಕ್ಕ

ಕೆಂಗೇರಿಯಲ್ಲೋ ವಿಜಯನಗರದಲ್ಲೋ ಪರ್ಪಲ್ ಲೈನ್ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳಿದು ಚಿನ್ನಸ್ವಾಮಿ ಸ್ಟೇಡಿಯಂಗೆ ಹೋಗೋರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ಮೈದಾನದಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ವಿವಿಯನ್ ರಿಚರ್ಡ್ಸ್‌ಗೂ ಅದೇ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸ್‌ನಲ್ಲಿ ಅವರು ಹೊಡೆದದ್ದು 4 ರನ್, ಎರಡನೇದರಲ್ಲಿ 3. ಎರಡು ಸಲವೂ ಔಟ್ ಮಾಡಿದ್ದು ಒಬ್ಬರೇ: ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್.

ರಿಚರ್ಡ್ಸ್ ಐಸಿಸಿ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಚಂದ್ರ ಇಲ್ಲ. 2025ರಲ್ಲಿ ಧೋನಿ ಸೇರಿದ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಇರಬೇಕಿತ್ತಾ? ಇವತ್ತಿನ ಮಾತು ಇದರ ಬಗ್ಗೆ.

ಮೊದಲು ಈ ಹಾಲ್ ಆಫ್ ಫೇಮ್ ಅಂದ್ರೆ ಏನು ಅಂತ ನೋಡೋಣ. ಇದಕ್ಕೆ ಹೆಸರು ತಂದುಕೊಟ್ಟ ಆಟ ಬೇಸ್‌ಬಾಲ್. ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿರೋ ಆ ಹಾಲ್‌ಗೆ 1936ರಲ್ಲಿ ಮೊದಲ ಸಲ ಆಟಗಾರರನ್ನು ಆರಿಸಿದರು. ಪತ್ರಕರ್ತರ ವೋಟಿನಲ್ಲಿ ಶೇಕಡಾ 75 ಸಿಗದಿದ್ರೆ ಒಳಗೆ ಬಿಡೋಲ್ಲ. ಆದ್ರೆ ಅಲ್ಲಿ ಇನ್ನೊಂದು ಬಾಗಿಲಿದೆ: ಆಗ ತಪ್ಪಿಹೋದ ಹಳಬರನ್ನು ಮತ್ತೆ ಪರಿಶೀಲಿಸೋಕೇ ಬೇರೆ ಸಮಿತಿ. ಕ್ರಿಕೆಟ್‌ನ ಹಾಲ್ ಶುರುವಾಗಿದ್ದು 2009ರಲ್ಲಿ. ಮೊದಲ 55 ಹೆಸರಿನಲ್ಲಿ ಭಾರತದವರು ಗವಾಸ್ಕರ್, ಬೇಡಿ, ಕಪಿಲ್ ದೇವ್. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಸೇರಿದರು.

ಈಗ ಚಂದ್ರ ಅವರ ಕಥೆ. ಚಿಕ್ಕವರಿದ್ದಾಗಲೇ ಪೋಲಿಯೊ ಬಂದು ಬಲಗೈ ಸೊರಗಿಹೋಯ್ತು. ಫೀಲ್ಡಿಂಗ್ ಮಾಡುವಾಗ ಚೆಂಡು ಎಸೆಯುತ್ತಿದ್ದದ್ದು ಎಡಗೈಯಲ್ಲಿ. ಬೌಲಿಂಗ್ ಮಾತ್ರ ಅದೇ ಸೊರಗಿದ ಬಲಗೈಯಲ್ಲಿ! ಆ ಕೈ ಚಾಟಿ ಬೀಸಿದ ಹಾಗೆ ಬರ್ತಿತ್ತು. ಲೆಗ್ ಸ್ಪಿನ್ನರ್ ಆದ್ರೂ ಮಧ್ಯಮ ವೇಗದ ಬೌಲರ್‌ಗೆ ಹತ್ತಿರದ ಸ್ಪೀಡು, ಗೂಗ್ಲಿ, ಮಧ್ಯೆ ಇನ್ನೂ ಜೋರಾದ ಒಂದು ಬಾಲ್. 1964ರಲ್ಲಿ, 18ನೇ ವಯಸ್ಸಿಗೆ, ಇಂಗ್ಲೆಂಡ್ ವಿರುದ್ಧ ಮುಂಬೈನಲ್ಲಿ ಟೆಸ್ಟ್‌ಗೆ ಕಾಲಿಟ್ಟರು.

ಅವರ ಪರ ವಾದ ಮಾಡೋರು ಮೊದಲು ಎತ್ತೋದು 1971ರ ಓವಲ್ ಟೆಸ್ಟ್. ಗಾಯ ಅದೂ ಇದೂ ಅಂತ ಮೂರು ವರ್ಷಕ್ಕೂ ಹೆಚ್ಚು ಕಾಲ ಟೀಮಿನಿಂದ ಹೊರಗಿದ್ದು, ಆ ಟೂರ್‌ನಲ್ಲಿ ವಾಪಸ್ ಬಂದಿದ್ದರು. ಮೊದಲ ಇನ್ನಿಂಗ್ಸ್‌ನಲ್ಲಿ ಇಂಗ್ಲೆಂಡ್ 355, ಭಾರತ 284. ಅಂದ್ರೆ ನಾವು 71 ರನ್ ಹಿಂದೆ. ಆಮೇಲೆ ಚಂದ್ರ 38 ರನ್ ಕೊಟ್ಟು 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಆಲೌಟ್. ನಾಲ್ಕು ವಿಕೆಟ್‌ನಿಂದ ಗೆದ್ದ ಭಾರತಕ್ಕೆ ಅದು ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು. 2002ರಲ್ಲಿ ವಿಸ್ಡನ್ ಇದನ್ನೇ ಭಾರತೀಯರ ಶತಮಾನದ ಬೌಲಿಂಗ್ ಸಾಧನೆ ಅಂತ ಆರಿಸಿತು.

ಮುಂದಿನದ್ದು 1972-73ರ ಸರಣಿ. ಇಂಗ್ಲೆಂಡ್ ವಿರುದ್ಧ ಐದು ಟೆಸ್ಟ್‌ನಲ್ಲಿ 35 ವಿಕೆಟ್. ಅದಾದ ಮೇಲೆ ಮೆಲ್ಬೋರ್ನ್, 1977-78ರ ಟೂರ್. ಮೊದಲ ಇನ್ನಿಂಗ್ಸ್‌ನಲ್ಲಿ 52ಕ್ಕೆ 6, ಎರಡನೇದರಲ್ಲೂ ಸರಿಯಾಗಿ 52ಕ್ಕೆ 6. ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು.

ಸರಿ, ವಿರುದ್ಧ ವಾದವನ್ನೂ ಪ್ರಾಮಾಣಿಕವಾಗಿ ಕೇಳೋಣ. ಒಂದು, ಮೆಲ್ಬೋರ್ನ್ ಟೆಸ್ಟ್ ಆಡುವಾಗ ಆಸ್ಟ್ರೇಲಿಯಾದ ದೊಡ್ಡ ಆಟಗಾರರು ಹೆಚ್ಚಿನವರು ಕೆರ್ರಿ ಪ್ಯಾಕರ್ ಕಡೆ ಹೋಗಿಬಿಟ್ಟಿದ್ದರು. ಎರಡು, 58 ಟೆಸ್ಟ್, 242 ವಿಕೆಟ್, 29.74ರ ಸರಾಸರಿ. ಚೆನ್ನಾಗಿದೆ, ಆದ್ರೆ ಬೇಡಿಯ 266 ವಿಕೆಟ್ 28.71ರ ಸರಾಸರಿಯಲ್ಲಿ ಬಂದಿವೆ. ಮೂರು, ಲಯ ತಪ್ಪಿದ ದಿನ ಚಂದ್ರ ಧಾರಾಳವಾಗಿ ರನ್ ಬಿಡ್ತಿದ್ದರು. ಬ್ಯಾಟಿಂಗ್ ಬಗ್ಗೆ ಕೇಳಲೇಬೇಡಿ: ಒಟ್ಟು 167 ರನ್, ತೆಗೆದ ವಿಕೆಟ್‌ಗಿಂತ ಕಮ್ಮಿ!

ಇಲ್ಲೇ ಒಂದು ಲೆಕ್ಕ ನನ್ನನ್ನು ನಿಲ್ಲಿಸುತ್ತೆ. ಕುಂಬ್ಳೆ ಅವರದ್ದು 619 ವಿಕೆಟ್, ಸರಾಸರಿ 29.65, ಒಂದು ವಿಕೆಟ್‌ಗೆ ಸುಮಾರು 66 ಬಾಲ್. ಚಂದ್ರ ಅವರದ್ದು 29.74, ಅಲ್ಲೂ ಸುಮಾರು 66 ಬಾಲ್. ಒಂದೊಂದು ವಿಕೆಟ್‌ಗೆ ಇಬ್ಬರೂ ಕೊಟ್ಟ ಬೆಲೆ ಹೆಚ್ಚುಕಮ್ಮಿ ಒಂದೇ. ಕುಂಬ್ಳೆ 132 ಟೆಸ್ಟ್ ಆಡಿದರು, ಅಷ್ಟು ವರ್ಷ ಆ ಮಟ್ಟ ಉಳಿಸಿಕೊಳ್ಳೋದು ಸಣ್ಣ ಮಾತಲ್ಲ. ಆದ್ರೆ ಚಂದ್ರ ಕಾಲದಲ್ಲಿ ಭಾರತ ಆಡ್ತಿದ್ದ ಟೆಸ್ಟ್‌ಗಳೇ ಕಮ್ಮಿ, ಇರೋ ವಿಕೆಟ್‌ಗಳನ್ನ ಬೇಡಿ, ಪ್ರಸನ್ನ, ವೆಂಕಟರಾಘವನ್ ಜೊತೆ ಹಂಚಿಕೊಳ್ಳಬೇಕಿತ್ತು.

ಇನ್ನೊಂದು ಲೆಕ್ಕ ಅದಕ್ಕಿಂತ ಮುಖ್ಯ. ಚಂದ್ರ ಆಡಿದ 58 ಟೆಸ್ಟ್‌ನಲ್ಲಿ ಭಾರತ ಗೆದ್ದದ್ದು 14. ಆ 14ರಲ್ಲಿ ಅವರ ವಿಕೆಟ್ 98, ಸರಾಸರಿ 19.27. ಗೆಲ್ಲೋದನ್ನ ಇನ್ನೂ ಕಲಿಯುತ್ತಿದ್ದ ಟೀಮಿಗೆ ಗೆಲುವು ತಂದುಕೊಟ್ಟ ಕೈ ಅದು.

ಹಾಗಾದ್ರೆ ತೀರ್ಪು? ನಾನು ಹೌದು ಅಂತೀನಿ. ಹಾಲ್ ಆಫ್ ಫೇಮ್ ಬರೀ ಒಟ್ಟು ಮೊತ್ತ ನೋಡೋದಾದ್ರೆ ಅದಕ್ಕೆ ವೋಟು ಯಾಕೆ, ಕ್ಯಾಲ್ಕುಲೇಟರ್ ಸಾಕಲ್ವಾ? ಆಟದ ಇತಿಹಾಸ ಯಾರಿಂದ ತಿರುಗಿತು ಅನ್ನೋದನ್ನೂ ನೋಡಬೇಕು. 1971ರ ಆ ಮಧ್ಯಾಹ್ನವನ್ನು ತೆಗೆದುಬಿಟ್ಟರೆ ಭಾರತದ ಕ್ರಿಕೆಟ್ ಕಥೆಯೇ ಬೇರೆ ಆಗುತ್ತೆ. ಪ್ರಸನ್ನ, ವಿಶ್ವನಾಥ್ ಬಗ್ಗೆಯೂ ಇದೇ ಚರ್ಚೆ ಬಾಕಿ ಇದೆ, ಅದು ಇನ್ನೊಂದು ಸಂಚಿಕೆಗೆ. ರಿಚರ್ಡ್ಸ್ ಔಟಾದ ಆ ಎರಡು ಬಾಲ್ ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ, ರೀಲ್ಸ್‌ನಲ್ಲೂ ಸಿಗೋದು ಕಷ್ಟ. ಅದಕ್ಕೇ ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ಇದ್ದರೆ ಇವತ್ತು ಚಂದ್ರ ಬಗ್ಗೆ ಒಂದು ಮಾತು ಕೇಳಿ ನೋಡಿ. ನಿಮ್ಮ ವೋಟು ಯಾವ ಕಡೆ, ನಮಗೂ ತಿಳಿಸಿ.